ಹಳೆಯ ಆವಿದೀಪಗಳ ಗುರುತು

ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು ೧೯೦೫ನೆಯ ಇಸವಿ ಆಗಸ್ಟ್ ತಿಂಗಳ ೫ನೆಯ ತಾರೀಖಿನಂದು. ಅದಕ್ಕೆ ಮೂರು ವರ್ಷ ಹಿಂದೆ, ೧೯೦೨ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ಶಕ್ತಿಯು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದಿತು. ಈ ಎರಡು ಸಂಗತಿಗಳನ್ನು ನಮ್ಮ ಕೇಳುಗರಲ್ಲಿ ಹಲವರು ಬಲ್ಲರು. ಆದರೆ ಆ ಬಳಿಕ ಇದೇ ಊರಿನಲ್ಲಿ ಬೆಳಗಿ, ಈಗ ಒಂದೊಂದಾಗಿ ನಂದುತ್ತಿರುವ ಮತ್ತೊಂದು ಜಾತಿಯ ದೀಪಗಳ ವಿಚಾರವನ್ನು ಎತ್ತುವವರು ವಿರಳ. ಇವು ತಂತಿ ಕಾದು ಬೆಳಗುವ ಬುರುಡೆಗಳಲ್ಲ. ಗಾಜಿನ ಕೊಳವೆಯೊಳಗೆ ತುಂಬಿದ ಅನಿಲವೋ ಲೋಹದ ಆವಿಯೋ ವಿದ್ಯುತ್ತು ಹರಿದಾಗ ತಾನೇ ಬೆಳಗುವಂತೆ ಮಾಡಿದ ದೀಪಗಳು. ಶಾಸ್ತ್ರಜ್ಞರು ಇವನ್ನು ವಿಸರ್ಜನ ದೀಪಗಳೆನ್ನುವರು. ಬೀದಿಯ ಜನ ಮರ್ಕ್ಯುರಿ ಲೈಟು, ಸೋಡಿಯಂ ಲೈಟು, ನಿಯಾನು, ಟ್ಯೂಬ್ ಲೈಟು ಎಂದು ಬೇರೆಬೇರೆಯಾಗಿ ಕರೆದರು. ನಾವು ಇಲ್ಲಿ ಎಲ್ಲಕ್ಕೂ ಸೇರಿಸಿ ಆವಿದೀಪವೆಂದು ಹೇಳೋಣ.

ಈ ವಿಚಾರವನ್ನು ಈಗ ಎತ್ತುವುದಕ್ಕೆ ಕಾರಣವುಂಟು. ರಾಜಾಜಿನಗರ, ಯಶವಂತಪುರ, ಮಲ್ಲೇಶ್ವರಗಳ ನಡುವೆ, ಹಳೆಯ ತುಮಕೂರು ರಸ್ತೆಯಲ್ಲಿ, ಮೈಸೂರು ಲ್ಯಾಂಪ್ಸ್ ಎಂಬ ಕಾರ್ಖಾನೆಯಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೬ರಲ್ಲಿ ಅದು ಸ್ಥಾಪಿತವಾಯಿತು. ಮೊದಲು ತಂತಿಯ ಬುರುಡೆಗಳನ್ನೂ ಮುಂದೆ ಟ್ಯೂಬ್ ಲೈಟುಗಳನ್ನೂ ತಯಾರಿಸಿ ಕನ್ನಡ ನಾಡಿನ ಮನೆಮನೆಗೆ ಪರಿಚಿತವಾಗಿದ್ದ ಆ ಕಾರ್ಖಾನೆ ೨೦೦೩ರಲ್ಲಿ ಮುಚ್ಚಿಹೋಯಿತು. ಗಾಜನ್ನು ಊದಿ, ಗಾಳಿಯನ್ನು ಹೊರದೂಡಿ, ಅನಿಲವನ್ನು ತುಂಬಿ, ಬಾಯಿ ಮುಚ್ಚಿ ದೀಪ ಮಾಡುತ್ತಿದ್ದ ಕೈಗಳು ಅಂದಿನಿಂದ ಆ ಕೆಲಸವನ್ನು ಬಿಟ್ಟುವು. ಅತ್ತ ಬೀದಿಯ ಸೋಡಿಯಂ ದೀಪಗಳ ಜಾಗಕ್ಕೆ ಎಲ್‌ಇಡಿ ಬಂದಿತು. ಪಾದರಸದ ಬಳಕೆಯನ್ನು ತಗ್ಗಿಸಲು ೨೦೧೩ರಲ್ಲಿ ಏರ್ಪಟ್ಟ ಮಿನಮಾಟ ಒಪ್ಪಂದದ ರಾಷ್ಟ್ರಗಳು, ಟ್ಯೂಬ್ ಲೈಟುಗಳ ತಯಾರಿಕೆಯನ್ನೂ ಆಮದು ರಫ್ತುಗಳನ್ನೂ ೨೦೨೭ರೊಳಗೆ ನಿಲ್ಲಿಸತಕ್ಕದ್ದೆಂದು ೨೦೨೩ರಲ್ಲಿ ನಿಶ್ಚಯಿಸಿದುವು. ಹೀಗೆ ಒಂದು ದೀಪಸಂತತಿಯೇ ಕೊನೆಗಾಣುತ್ತಿರುವಾಗ, ಹಳೆಯ ಕಾರ್ಖಾನೆ ಕಾರ್ಯಾಗಾರಗಳಿಂದ ಕಳಚಿದ ವಿಚಿತ್ರ ರೂಪದ ದೀಪಗಳು ಗುಜರಿ ಅಂಗಡಿಗೆ ಬರುತ್ತವೆ. ರಾಜಾಜಿನಗರದಿಂದ ಹಿಡಿದು ಮೈಸೂರು ರಸ್ತೆಯುದ್ದಕ್ಕೂ ಕೆಂಗೇರಿಯವರೆಗೆ ಸಣ್ಣ ದೊಡ್ಡ ಕಾರ್ಖಾನೆಗಳು ಬೆಳೆದ ಈ ಪಡುವಣ ಬೆಂಗಳೂರಿನಲ್ಲಿ ಅಂತಹ ದೀಪವೊಂದು ನಮ್ಮ ಕಣ್ಣಿಗೆ ಬಿದ್ದರೆ ಆಶ್ಚರ್ಯವೇನೂ ಇಲ್ಲ.

ಬಿದ್ದಿತೆಂದೇ ಇಟ್ಟುಕೊಳ್ಳೋಣ. ಅದನ್ನು ಮನೆಗೆ ತಂದವರಿಗೆ ಮೊದಲು ಹುಟ್ಟುವ ಆಸೆ ಒಂದೇ: ಉರಿಸಿ ನೋಡಬೇಕು. ಈ ಆಸೆಯು ಸಹಜವಾದರೂ ಅಪಾಯಕಾರಿಯಾದುದು. ಅನೇಕ ಹಳೆಯ ದೀಪಗಳು ಅರ್ಧ ಶತಮಾನ ಸುಮ್ಮನೆ ಉಳಿದು, ಒಬ್ಬ ಪ್ರೇಮಿಯ ಕೈಗೆ ಸಿಕ್ಕಿದ ದಿನವೇ ಒಂದು ಕ್ಷಣದಲ್ಲಿ ಹಾಳಾಗುತ್ತವೆ. ಹಾಗಾಗುವುದೇಕೆಂಬುದನ್ನು ತಿಳಿಯಲು ಆವಿದೀಪದ ಸ್ವಭಾವವನ್ನು ಅರಿಯಬೇಕು.

ತಂತಿಯ ಬುರುಡೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಟಂಗ್‌ಸ್ಟನ್ ತಂತಿ ಕಾದಷ್ಟೂ ಅದರ ತಡೆ ಹೆಚ್ಚುವುದರಿಂದ ಪ್ರವಾಹವು ಒಂದು ಮಿತಿಯಲ್ಲಿ ನಿಲ್ಲುತ್ತದೆ. ಆವಿದೀಪದ ಗುಣ ಇದಕ್ಕೆ ವಿರುದ್ಧ. ಅನಿಲವು ಮೊದಲು ವಿದ್ಯುತ್ತನ್ನು ಒಳಗೆ ಬಿಡುವುದಿಲ್ಲ. ಒಮ್ಮೆ ಬಿಟ್ಟಿತೆಂದರೆ, ಹರಿದಷ್ಟೂ ಅದರ ತಡೆ ಕುಗ್ಗುತ್ತ ಹೋಗುತ್ತದೆ. ಕಟ್ಟೆಯೊಡೆದ ಕೆರೆಯಂತೆ, ನೀರು ನುಗ್ಗಿದಷ್ಟೂ ಬಿರುಕು ದೊಡ್ಡದಾಗುತ್ತದೆ. ಹೊರಗಿನಿಂದ ಯಾರಾದರೂ ಪ್ರವಾಹವನ್ನು ಹಿಡಿದು ನಿಲ್ಲಿಸದಿದ್ದರೆ ದೀಪವು ಒಡೆಯುವುದು, ಇಲ್ಲವೆ ಫ್ಯೂಸು ಹೋಗುವುದು. ಹೀಗೆ ಹಿಡಿದು ನಿಲ್ಲಿಸುವ ಸಾಧನವೇ ನಮ್ಮ ಎಲೆಕ್ಟ್ರಿಷಿಯನ್ನರು ಚೋಕೆನ್ನುವ ತಂತಿಸುರುಳಿ. ಕೆಲವು ದೀಪಗಳಿಗೆ ಚೋಕಿನ ಬದಲು ವಿಶೇಷವಾದ ಟ್ರಾನ್ಸ್‌ಫಾರ್ಮರು ಬೇಕು; ಕೆಲವಕ್ಕೆ ಬರಿಯ ರೆಸಿಸ್ಟರು ಸಾಕು. ಮನೆಯ ಟೆಸ್ಟರ್ ಸ್ಕ್ರೂಡ್ರೈವರಿನೊಳಗೆ ಕೆಂಪಗೆ ಮಿನುಗುವುದು ಪುಟ್ಟ ನಿಯಾನ್ ದೀಪವೇ. ಅದರ ಪಕ್ಕದಲ್ಲಿ ಕೂತಿರುವ ರೆಸಿಸ್ಟರೇ ನಮ್ಮ ಬೆರಳನ್ನೂ ಆ ದೀಪವನ್ನೂ ಕಾಯುವುದು.

ಆದಕಾರಣ ಆವಿದೀಪವೆಂಬುದು ಒಂಟಿ ವಸ್ತುವಲ್ಲ, ಜೋಡಿ ವಸ್ತು. ದೀಪವೊಂದು, ಅದರ ಚೋಕೊಂದು. ಗುಜರಿಗೆ ಬರುವಾಗ ಚೋಕು ತಾಮ್ರದ ಬೆಲೆಗೆ ಬೇರೆ ದಾರಿ ಹಿಡಿಯುತ್ತದೆ, ಗಾಜು ಬೇರೆ ದಾರಿ ಹಿಡಿಯುತ್ತದೆ. ಜೋಡಿ ಅಗಲಿದ ಮೇಲೆ ಉಳಿದ ಗಾಜಿನಿಂದಲೇ ಅದರ ಜೊತೆಗಾರ ಎಂತಹದಿತ್ತೆಂದು ನಾವು ಊಹಿಸಬೇಕಾಗುವುದು. ದೀಪವನ್ನು ಗುರುತಿಸುವ ವಿದ್ಯೆಯ ತಿರುಳು ಇದು.

ಗುರುತಿಸಲು ಇತಿಹಾಸವೇ ಕೈದೀಪ. ಜರ್ಮನಿಯ ಗಾಜುಗಾರ ಗೈಸ್ಲರನು ೧೮೫೭ರಲ್ಲಿ ತೆಳುವಾದ ಅನಿಲ ತುಂಬಿದ ಕೊಳವೆಗಳನ್ನು ಮಾಡಿ ಬಣ್ಣದ ಬೆಳಕು ತೋರಿಸಿದನು. ಅದು ಪ್ರದರ್ಶನದ ವಸ್ತುವಾಗಿದ್ದಿತೇ ಹೊರತು ದೀಪವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಮೂರ್ ಎಂಬುವನು ನೈಟ್ರೋಜನ್, ಇಂಗಾಲಾಮ್ಲಗಳನ್ನು ತುಂಬಿದ ಉದ್ದುದ್ದ ಕೊಳವೆಗಳನ್ನೂ, ಕೂಪರ್ ಹ್ಯೂಯಿಟ್ ಎಂಬುವನು ಪಾದರಸದ ಕೊಳವೆಗಳನ್ನೂ ಬಳಕೆಗೆ ತಂದರು. ಹ್ಯೂಯಿಟ್ಟನ ದೀಪವನ್ನು ಓರೆ ಮಾಡಿ, ಒಳಗಿನ ಪಾದರಸ ಹರಿದು ಎರಡು ತುದಿಗಳನ್ನೂ ಮುಟ್ಟುವಂತೆ ಮಾಡಿ, ಮತ್ತೆ ಅಗಲಿಸಿದರೆ ಬೆಳಕು ಹತ್ತುತ್ತಿದ್ದಿತು. ಅದರ ನೀಲಿ ಹಸಿರು ಬೆಳಕಿನಲ್ಲಿ ಕೆಂಪು ಬಣ್ಣ ಸ್ವಲ್ಪವೂ ಇಲ್ಲದೆ ಮನುಷ್ಯರ ಮುಖ ಹೆಣದಂತೆ ಕಾಣುತ್ತಿದ್ದರೂ, ಛಾಯಾಚಿತ್ರಗಾರರಿಗೆ ಅದು ಪ್ರಿಯವಾಯಿತು. ೧೯೧೦ರಲ್ಲಿ ಫ್ರಾನ್ಸಿನ ಜಾರ್ಜ್ ಕ್ಲೋಡನು ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ನಿಯಾನಿನ ಕಿತ್ತಳೆಗೆಂಪನ್ನು ಬೆಳಗಿಸಿದನು. ೧೯೩೨ರಲ್ಲಿ ಹಾಲೆಂಡಿನ ರಸ್ತೆಯೊಂದರಲ್ಲಿ ಸೋಡಿಯಂ ದೀಪಗಳೂ, ಅದೇ ವರ್ಷ ಇಂಗ್ಲೆಂಡಿನ ವೆಂಬ್ಲಿಯಲ್ಲಿ ಹೆಚ್ಚು ಒತ್ತಡದ ಪಾದರಸ ದೀಪಗಳೂ ನಿಂತುವು. ೧೯೩೮ರಲ್ಲಿ ಅಮೆರಿಕದಲ್ಲಿ ಟ್ಯೂಬ್ ಲೈಟು ಮಾರಾಟಕ್ಕೆ ಬಂದಿತು. ಹೆಚ್ಚು ಒತ್ತಡದ ಸೋಡಿಯಂ ದೀಪವೂ ಲೋಹಲವಣಗಳ ದೀಪವೂ ೧೯೬೦ರ ದಶಕದವು.

ಈ ಸಾಲಿನಲ್ಲಿ ಬೆಂಗಳೂರಿಗೂ ಒಂದು ಸ್ಥಾನವುಂಟು. ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ತಮ್ಮ ಹೆಸರಿನ ಪರಿಣಾಮವನ್ನು ಕಂಡಾಗ ಅವರ ಮೇಜಿನ ಮೇಲಿದ್ದುದು ಪಾದರಸದ ದೀಪ. ಆ ಮಾರ್ಚ್ ೧೬ರಂದು ಅವರು ಹೊಸ ವಿಕಿರಣವನ್ನು ಕುರಿತು ವಿವರವಾದ ಭಾಷಣ ಮಾಡಿದುದು ಬೆಂಗಳೂರಿನಲ್ಲಿ. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಒಂದರೊಳಗೊಂದು ಕಲೆತಿರುವುವು. ಪಾದರಸದ ಬೆಳಕಾದರೋ ಕೆಲವೇ ಕೆಲವು ಚೊಕ್ಕ ಗೆರೆಗಳಾಗಿ ಒಡೆಯುವುದು. ಚೆದರಿದ ಬೆಳಕಿನಲ್ಲಿ ಆ ಗೆರೆಗಳ ಪಕ್ಕಕ್ಕೆ ಹೊಸ ಗೆರೆ ಮೂಡಿದರೆ ತಟ್ಟನೆ ಕಾಣಬರುವುದು. ೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ೧೯೪೦ರ ದಶಕದಲ್ಲಿ ಆರ್. ಎಸ್. ಕೃಷ್ಣನ್ನರು ಪಾದರಸದ ಕಣ್ಣಿಗೆ ಕಾಣದ ನೇರಳಾತೀತ ಗೆರೆಯನ್ನೇ ಉಪಯೋಗಿಸಿ ವಜ್ರ ಮೊದಲಾದ ಹರಳುಗಳನ್ನು ಪರೀಕ್ಷಿಸಿದರು. ದೀಪವನ್ನು ಬೀದಿಯವರು ಬೆಳಕಿಗಾಗಿ ಬಯಸಿದರೆ, ಇವರು ಅದರ ಗೆರೆಗಳಿಗಾಗಿ ಬಯಸಿದರು.

ಅದೇ ಗೆರೆಗಳು ಈಗ ನಮ್ಮ ನೆರವಿಗೆ ಬರುತ್ತವೆ. ಹಳೆಯ ಸಿ.ಡಿ. ತಟ್ಟೆಯೊಂದನ್ನು ಓರೆಯಾಗಿ ಹಿಡಿದು ಅದರಲ್ಲಿ ದೀಪದ ಪ್ರತಿಬಿಂಬವನ್ನು ನೋಡಿದರೆ, ತಂತಿಯ ಬುರುಡೆ ಕಾಮನಬಿಲ್ಲನ್ನು ತೋರುವುದು. ಪಾದರಸವು ನೇರಳೆ, ನೀಲಿ, ಹಸಿರು, ಹಳದಿಗಳನ್ನು ಬಿಡಿಬಿಡಿಯಾಗಿ ತೋರುವುದು. ಕಡಮೆ ಒತ್ತಡದ ಸೋಡಿಯಂ ಹೆಚ್ಚುಕಡಮೆ ಹಳದಿಯೊಂದನ್ನೇ ತೋರುವುದು. ಆದರೆ ಇದು ಉರಿಯುವ ದೀಪದ ಪರೀಕ್ಷೆ. ಉರಿಸುವುದಕ್ಕೆ ಮೊದಲೇ ಗುರುತು ಹಿಡಿಯುವುದು ಹೇಗೆ?

ಮೊದಲು ಕಣ್ಣು, ಆಮೇಲೆ ಭೂತಕನ್ನಡಿ. ದೀಪದ ತಲೆಯ ಮೇಲೋ ಲೋಹದ ಟೋಪಿಯ ಮೇಲೋ ತಯಾರಕರ ಹೆಸರು, ವ್ಯಾಟು, ಒಂದೆರಡು ಅಕ್ಷರಗಳ ಸಂಕೇತ ಇರಬಹುದು. ಅದನ್ನು ಒರಸಿ ತೊಳೆಯಲು ಹೋಗಬಾರದು. ಹಳೆಯ ಮಸಿ ನೀರಿನಲ್ಲಿಯೇ ಅಳಿಯುವುದು. ಓರೆಬೆಳಕಿನಲ್ಲಿ ಓದಿ, ಛಾಯಾಚಿತ್ರ ತೆಗೆದು, ಬರೆದಿಡಬೇಕು.

ಅಕ್ಷರವಿಲ್ಲದಿದ್ದರೆ ರೂಪವನ್ನು ನೋಡಬೇಕು. ಹೊರಗಾಜಿನೊಳಗೆ ಬೆರಳುದ್ದದ ಚಿಕ್ಕ ಸ್ಫಟಿಕದ ಕೊಳವೆಯಿದ್ದು, ಅದರಲ್ಲಿ ಪಾದರಸದ ಹನಿಗಳು ಕಂಡರೆ ಅದು ಹೆಚ್ಚು ಒತ್ತಡದ ಪಾದರಸದ ದೀಪವೆಂದು ಎಣಿಸಬಹುದು. ೮೦ ಮತ್ತು ೧೨೫ ವ್ಯಾಟಿನ ಬ್ರಿಟಿಷ್ ಮಾದರಿಯ ಇಂತಹ ದೀಪಗಳ ಟೋಪಿಗೆ ಎರಡರ ಬದಲು ಮೂರು ಮೊಳೆಗಳಿರುತ್ತಿದ್ದುವು. ಚೋಕಿಲ್ಲದ ಮನೆಯ ಹೋಲ್ಡರಿಗೆ ಯಾರೂ ಅದನ್ನು ಸಿಕ್ಕಿಸಬಾರದೆಂದು ಮಾಡಿದ ಏರ್ಪಾಡು ಅದು. ಇದಕ್ಕೆ ಒಬ್ಬ ದಾಯಾದಿಯೂ ಉಂಟು: ಹೊರಗೆ ಹಾಗೆಯೇ ಕಂಡರೂ, ಒಳಕೊಳವೆಯ ಸುತ್ತ ಟಂಗ್‌ಸ್ಟನ್ ತಂತಿಯ ಸುರುಳಿಯಿರುವ ಮಿಶ್ರದೀಪ. ಆ ತಂತಿಯೇ ಅದರ ಚೋಕು. ಅದು ನೇರವಾಗಿ ಮನೆಯ ವಿದ್ಯುತ್ತಿಗೆ ಒಪ್ಪುವುದು. ಒಂದನ್ನು ಮತ್ತೊಂದೆಂದು ಭ್ರಮಿಸಿದರೆ ದೀಪ ಹೋಯಿತೆಂದೇ ತಿಳಿಯಬೇಕು.

ಯು ಆಕಾರಕ್ಕೆ ಬಾಗಿದ ಕೊಳವೆ, ಒಳಗೆ ಬೆಳ್ಳಿಯಂತಹ ಚುಕ್ಕೆಗಳು, ಸುತ್ತ ಗಾಳಿ ತೆಗೆದ ಮತ್ತೊಂದು ಗಾಜಿನ ಕವಚವಿದ್ದರೆ ಅದು ಕಡಮೆ ಒತ್ತಡದ ಸೋಡಿಯಂ ದೀಪ. ಹಳೆಯವುಗಳ ಕವಚವನ್ನು ಬಿಸಿನೀರಿನ ಫ್ಲಾಸ್ಕಿನಂತೆ ಬೇರೆ ಮಾಡಬಹುದಾಗಿದ್ದಿತು. ಹೊತ್ತಿಸಿದಾಗ ಇದು ಮೊದಲು ನಿಯಾನಿನ ಕೆಂಪನ್ನು ತೋರಿ, ಸೋಡಿಯಂ ಕಾದು ಆವಿಯಾದಂತೆ ಹಲವು ನಿಮಿಷಗಳಲ್ಲಿ ಹಳದಿಗೆ ತಿರುಗುವುದು. ಇದನ್ನು ಬಹುಮಟ್ಟಿಗೆ ಅಡ್ಡಲಾಗಿಯೇ ಉರಿಸಬೇಕು. ನೆಟ್ಟಗೆ ನಿಲ್ಲಿಸಿದರೆ ಕರಗಿದ ಸೋಡಿಯಂ ಒಂದೆಡೆಗೆ ಹರಿದು ಸೇರುವುದು. ಒಳಕೊಳವೆ ಹಾಲುಬಣ್ಣದ ಪಿಂಗಾಣಿಯಂತಿದ್ದರೆ ಅದು ಹೆಚ್ಚು ಒತ್ತಡದ ಸೋಡಿಯಂ ದೀಪ. ಅದಕ್ಕೆ ಚೋಕಿನೊಡನೆ, ಸಾವಿರಾರು ವೋಲ್ಟಿನ ಕ್ಷಣಿಕ ಏಟು ಕೊಟ್ಟು ಎಬ್ಬಿಸುವ ಇಗ್ನೈಟರೂ ಬೇಕು.

ಟ್ಯೂಬ್ ಲೈಟಿನಂತೆಯೇ ಇದ್ದು, ಒಳಗೆ ಬಿಳಿಯ ಪುಡಿಯಿಲ್ಲದೆ ಸ್ವಚ್ಛವಾಗಿ ಕಾಣುವ ಕೊಳವೆಯನ್ನು ಕಂಡರೆ ಹಿಂದೆ ಸರಿಯಬೇಕು. ಅದು ಕ್ರಿಮಿನಾಶಕ ದೀಪವಾಗಿರಬಹುದು. ಅದರ ನೇರಳಾತೀತ ಕಿರಣ ಕಣ್ಣನ್ನೂ ಚರ್ಮವನ್ನೂ ಸುಡುವುದು. ನೀಲಿಯಾಗಿ ಬೆಳಗುವುದೆಲ್ಲ ದೀಪವೂ ಅಲ್ಲ. ಹಿಂದಿನ ಬಾನುಲಿ ಪ್ರಸಾರಯಂತ್ರಗಳಲ್ಲಿ ಪಾದರಸದ ಆವಿಯ ರೆಕ್ಟಿಫೈಯರ್ ಕವಾಟಗಳನ್ನು ಬಳಸುತ್ತಿದ್ದರು. ಅವು ಸುಂದರವಾದ ನೀಲಿ ಬೆಳಕನ್ನು ಬೀರಿದರೂ ಅವುಗಳ ಕೆಲಸ ಬೆಳಕು ಕೊಡುವುದಾಗಿರಲಿಲ್ಲ. ಸಾವಿರಾರು ವೋಲ್ಟನ್ನು ಏಕಮುಖ ಪ್ರವಾಹಕ್ಕೆ ತಿರುಗಿಸುವುದಾಗಿದ್ದಿತು. ಸಿನಿಮಾ ಮಂದಿರಗಳಿಂದ ಬಂದ, ನಡುವೆ ಉಬ್ಬಿದ ದಪ್ಪ ಸ್ಫಟಿಕದ ಕ್ಸೆನಾನ್ ದೀಪವಂತೂ ಉರಿಯದಿದ್ದಾಗಲೂ ಹಲವು ವಾಯುಭಾರಗಳ ಒತ್ತಡವನ್ನು ಒಳಗೆ ಹಿಡಿದಿರುವುದು. ಕೈತಪ್ಪಿ ಬಿದ್ದರೆ ಅದು ಸಿಡಿಗುಂಡು. ಮುಖಕ್ಕೆ ಕವಚವೂ ಕೈಗೆ ದಪ್ಪ ಚೀಲವೂ ಇಲ್ಲದೆ ಅದನ್ನು ಮುಟ್ಟಬಾರದು.

ಕಡಮೆ ಒತ್ತಡದ ಕೊಳವೆಯಲ್ಲಿ ಯಾವ ಅನಿಲವಿದೆಯೆಂದು ತಿಳಿಯಲು ತಂತಿ ಜೋಡಿಸಬೇಕಾದುದಿಲ್ಲ. ಅಲಂಕಾರಕ್ಕೆ ಮಾರುವ ಪ್ಲಾಸ್ಮಾ ಗೋಳದ ಹತ್ತಿರ ಹಿಡಿದರೆ ಒಳಗಿನ ಅನಿಲವು ಮಂಕಾಗಿ ಬೆಳಗುವುದು. ಕಿತ್ತಳೆಗೆಂಪು ನಿಯಾನಿನದು, ನೀಲಿ ಪಾದರಸದ್ದು. ಏನೂ ಬೆಳಗದಿದ್ದರೆ ಗಾಳಿ ಹೊಕ್ಕಿರಬಹುದು. ಗಾಜಿನ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯಬೇಕಾದ ಬೇರಿಯಂ ಲೇಪ ಹಾಲಿನಂತೆ ಬಿಳಿಚಿಕೊಂಡಿದ್ದರೂ ಅದೇ ಅರ್ಥ. ಅಂತಹುದನ್ನು ಉರಿಸುವ ಪ್ರಯತ್ನವನ್ನೇ ಬಿಡಬೇಕು.

ಗುರುತು ನಿಶ್ಚಯವಾದ ಮೇಲೆ ಶಕ್ತಿ ಕೊಡುವ ಮಾತು. ಇಲ್ಲಿ ವ್ಯಾಟು ಒಂದೇ ಎಂಬುದರಿಂದ ಸಮಾಧಾನಪಡಬಾರದು. ದೀಪ ಕೇಳುವುದು ಪ್ರವಾಹದ ಲೆಕ್ಕವನ್ನು. ೧೨೫ ವ್ಯಾಟಿನ ಪಾದರಸದ ದೀಪ ಸುಮಾರು ೧.೧೫ ಆಂಪಿಯರನ್ನೂ, ೨೫೦ ವ್ಯಾಟಿನದು ಸುಮಾರು ೨.೧ ಆಂಪಿಯರನ್ನೂ ಬೇಡುವುದು. ಚೋಕಿನ ಮೇಲೆ ಬರೆದ ಆಂಪಿಯರು, ವೋಲ್ಟು, ಆವರ್ತ ಈ ಮೂರೂ ಕೂಡಿಬರಬೇಕು. ಆವರ್ತದ ಮಾತು ಬಂದಾಗ ನಮ್ಮ ನಾಡಿನ ಹಳೆಯ ಸಂಗತಿಯೊಂದು ನೆನಪಾಗುತ್ತದೆ. ಶಿವನಸಮುದ್ರದ ಯಂತ್ರಗಳು ಮೊದಲು ಹುಟ್ಟಿಸುತ್ತಿದ್ದುದು ಸೆಕೆಂಡಿಗೆ ೨೫ ಆವರ್ತದ ಶಕ್ತಿ. ಈಗ ನಮ್ಮ ಮನೆಗಳಿಗೆ ಬರುವುದು ೫೦ ಆವರ್ತ. ಚೋಕಿನ ತಡೆ ಆವರ್ತವನ್ನೇ ಅನುಸರಿಸುವುದು. ೫೦ಕ್ಕೆಂದು ಮಾಡಿದ ಚೋಕನ್ನು ೨೫ಕ್ಕೆ ಹಾಕಿದ್ದರೆ ಅದರ ತಡೆ ಅರ್ಧಕ್ಕೆ ಇಳಿಯುತ್ತಿದ್ದಿತು. ಅಮೆರಿಕದ ೬೦ ಆವರ್ತದ, ೧೨೦ ವೋಲ್ಟಿನ ಚೋಕನ್ನು ನಮ್ಮ ೨೩೦ ವೋಲ್ಟಿಗೆ ಕೊಟ್ಟರೆ ಎರಡು ತಪ್ಪುಗಳೂ ಒಟ್ಟುಗೂಡುವುವು.

ಎಲೆಕ್ಟ್ರಿಷಿಯನ್ನರು ಸೀರೀಸ್ ಲ್ಯಾಂಪೆಂದು ಕರೆಯುವ ಉಪಾಯ, ಎಂದರೆ ತಂತಿಯ ಬುರುಡೆಯೊಂದನ್ನು ಸಾಲಿನಲ್ಲಿ ಸೇರಿಸಿ ಪರೀಕ್ಷಿಸುವುದು, ಪ್ರವಾಹಕ್ಕೆ ಕಡಿವಾಣ ಹಾಕುವುದು ನಿಜ. ಆದರೆ ಅದು ಮುಟ್ಟಿದವರನ್ನು ಕಾಯುವುದಿಲ್ಲ, ಕಣ್ಣಿಗೂ ರಕ್ಷೆಯಲ್ಲ. ಹೊರಗಾಜು ಒಡೆದ ಪಾದರಸದ ದೀಪ ಹೇಗೋ ಉರಿಯುತ್ತದೆ. ಅದರ ಬೆಳಕನ್ನು ನೋಡಿದವನಿಗೆ ಆಗ ಏನೂ ತೋರದು. ಕೆಲವು ಗಂಟೆಗಳ ಬಳಿಕ ವೆಲ್ಡಿಂಗಿನ ಕಿಡಿ ನೋಡಿದವನಂತೆ ಕಣ್ಣಿಗೆ ಮರಳು ಸುರಿದ ಹಾಗಾಗುವುದು. ನಿಯಾನ್ ಫಲಕದ ಟ್ರಾನ್ಸ್‌ಫಾರ್ಮರು ೧೦,೦೦೦ ದಿಂದ ೧೫,೦೦೦ ವೋಲ್ಟಿನವರೆಗೂ ಕೊಡಬಲ್ಲದು, ಅದು ಪ್ರಾಣಾಂತಿಕ. ಹಳೆಯ ಪೆಟ್ಟಿಗೆಯಲ್ಲಿರುವ ಕಂಡೆನ್ಸರು ಸ್ವಿಚ್ಚು ಆರಿಸಿದ ಮೇಲೆಯೂ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವುದು. ಅದರಿಂದ ಎಣ್ಣೆ ಸೋರಿದ್ದರೆ ಆ ಎಣ್ಣೆ ವಿಷವಾಗಿರುವ ಸಂಭವವುಂಟು. ಆದಕಾರಣ ಈ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್ನರಿಂದ ಮಾಡಿಸಬೇಕು. ಹೊಸ ತಂತಿ, ಸರಿಯಾದ ಫ್ಯೂಸು, ಅರ್ತಿಂಗ್ ಇರುವ ಲೋಹದ ಪೆಟ್ಟಿಗೆ, ದೂರದಲ್ಲಿ ಸ್ವಿಚ್ಚು ಇವು ಇಲ್ಲದೆ ಹೊರಡಬಾರದು. ಆರಿದ ಬಿಸಿ ದೀಪ ಒಡನೆಯೇ ಮತ್ತೆ ಹೊತ್ತದು. ತಣಿಯಲು ಕೆಲವು ನಿಮಿಷ ಬೇಕು. ಕೆಟ್ಟಿತೆಂದು ಆಗ ಬಿಚ್ಚಲು ಕೈ ಹಾಕಬಾರದು.

ದೀಪ ಒಡೆದರೆ ಕಿಟಕಿಗಳನ್ನು ತೆರೆದು, ಮಕ್ಕಳನ್ನು ಕರೆದುಕೊಂಡು, ಕಾಲು ಗಂಟೆ ಹೊರಗಿರಬೇಕು. ಪೊರಕೆಯಿಂದ ಗುಡಿಸಿದರೆ ಪಾದರಸ ಮತ್ತಷ್ಟು ಹರಡುವುದು. ದಪ್ಪ ಕಾಗದದಿಂದ ಚೂರುಗಳನ್ನು ಎತ್ತಿ, ಮುಚ್ಚಳವಿರುವ ಜಾಡಿಯಲ್ಲಿ ಹಾಕಿ, ಇ-ತ್ಯಾಜ್ಯವನ್ನು ತೆಗೆದುಕೊಳ್ಳುವ ಅಧಿಕೃತರಿಗೆ ಒಪ್ಪಿಸಬೇಕು. ಸೋಡಿಯಂ ದೀಪದ ಚೂರುಗಳಿಗೆ ನೀರು ತಾಗಿಸಲೇಬಾರದು. ಆ ಲೋಹ ನೀರು ಕಂಡರೆ ಉರಿದೇಳುವುದು.

ಇಷ್ಟೆಲ್ಲ ಎಚ್ಚರಿಕೆಗಳನ್ನು ಕೇಳಿದ ಮೇಲೆ, ಹಾಗಾದರೆ ಈ ದೀಪಗಳನ್ನು ಇಟ್ಟುಕೊಂಡು ಫಲವೇನೆಂದು ಕೆಲವರು ಕೇಳಬಹುದು. ಉರಿಯುವುದೊಂದೇ ದೀಪದ ಪುರುಷಾರ್ಥವೆಂದು ನಮಗೆ ತೋರುವುದಿಲ್ಲ. ಶಾಸನದ ಕಲ್ಲನ್ನು ನಾವು ಮತ್ತೆ ದೇವಾಲಯದ ಗೋಡೆಗೆ ಕಟ್ಟುವುದಿಲ್ಲ. ಓದಿ, ಅಚ್ಚು ತೆಗೆದು, ಸಿಕ್ಕಿದ ಸ್ಥಳವನ್ನು ಬರೆದಿಡುತ್ತೇವೆ. ಹಳೆಯ ದೀಪವೂ ಒಂದು ಶಾಸನವೇ. ಯಾವ ಕಾರ್ಖಾನೆಯಿಂದ ಬಂದಿತು, ಯಾವ ಚೋಕಿನೊಡನೆ ಸಿಕ್ಕಿತು, ಟೋಪಿಯ ಮೇಲೆ ಏನು ಬರೆದಿದ್ದಿತು ಎಂಬ ಮೂರು ಸಾಲನ್ನು ಒಂದು ಚೀಟಿಯಲ್ಲಿ ಬರೆದು ಅದರ ಕೊರಳಿಗೆ ಕಟ್ಟಿದರೆ, ಉರಿಯದ ದೀಪವೂ ಮಾತನಾಡುವುದು. ಚೀಟಿಯಿಲ್ಲದೆ ಒಂದು ರಾತ್ರಿ ಉರಿದು ಸಿಡಿದ ದೀಪದಿಂದ ಯಾರಿಗೂ ಏನೂ ತಿಳಿಯದು.

ದೀಪ ಮಾಡಿದವರೂ, ಕಂಬ ಹತ್ತಿ ಅದನ್ನು ಬದಲಾಯಿಸಿದವರೂ ನಮ್ಮ ನಡುವೆ ಇನ್ನೂ ಇದ್ದಾರೆ. ಮೈಸೂರು ಲ್ಯಾಂಪ್ಸ್ ಮುಚ್ಚಿದಾಗ ಮೂವತ್ತರ ಹರೆಯದಲ್ಲಿದ್ದವರು ಈಗ ಐವತ್ತನ್ನು ದಾಟಿದ್ದಾರೆ. ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಅಂತಹವರೊಬ್ಬರು ನಿಮ್ಮ ನೆರೆಯಲ್ಲಿದ್ದರೆ, ಕೈಗೆ ಬಂದ ವಿಚಿತ್ರ ದೀಪವನ್ನು ವಿದ್ಯುತ್ತಿಗೆ ಜೋಡಿಸುವುದಕ್ಕೆ ಮೊದಲು ಅವರ ಬಳಿಗೆ ಒಯ್ದು ತೋರಿಸಿ. ಅವರು ಹೇಳುವುದನ್ನು ಅವರೆದುರಿಗೇ ಬರೆದುಕೊಳ್ಳಿ. ಸ್ವಿಚ್ಚನ್ನು ಆಮೇಲೆ ಒತ್ತಬಹುದು.